ಟಾರ್ಚಿಗೆ ಕೈಯಾರೆ ಮಾಡಿದ ಲೋಹದ ಬಿಡಿಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಹಿತ್ತಾಳೆ ಟಾರ್ಚನ್ನು ಮತ್ತೆ ಹೊತ್ತಿಸಲು ಹೊರಟವರು, ಹೊಸ ಎಲ್‌ಇಡಿ ಟಾರ್ಚಿಗೆ ತಾಮ್ರದ ಬಟನ್ ಕೂರಿಸುವವರು, ಮನೆಯಲ್ಲೇ ಸಣ್ಣ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕಡಿಯುವ ಯಂತ್ರ) ಇಟ್ಟುಕೊಂಡವರು, ಬರೀ ಒಂದು ಅರ ಹಿಡಿದು ಕೂತವರು, ಹೀಗೆ ನಾನಾ ಜನ ಮಾತಿನಲ್ಲಿ, ಪತ್ರದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಶುರು ಮಾಡುವ ಮೊದಲು

ಇನ್ನೂರು ರೂಪಾಯಿಗೆ ಹೊಸ ಟಾರ್ಚೇ ಬರುವಾಗ ಇಷ್ಟೆಲ್ಲಾ ಕಷ್ಟ ಯಾಕೆ?

ಆ ಅಗ್ಗದ ಟಾರ್ಚನ್ನು ಒಮ್ಮೆ ಬಿಚ್ಚಲು ನೋಡಿ. ಬಹುಪಾಲು ಬಿಚ್ಚಲು ಬರುವುದೇ ಇಲ್ಲ. ಸ್ವಿಚ್ಚು ಪ್ಲಾಸ್ಟಿಕ್ಕಿನೊಳಗೆ ಸೇರಿಕೊಂಡಿರುತ್ತದೆ, ಬ್ಯಾಟರಿಯನ್ನು ಒಳಗೇ ಬೆಸೆದಿರುತ್ತಾರೆ. ಒಂದು ಭಾಗ ಹೋದರೆ ಇಡೀ ಟಾರ್ಚು ಗುಜರಿಗೆ. ಲೋಹದ ಟಾರ್ಚ್ ಹಾಗಲ್ಲ. ತಲೆ, ಬಾಡಿ, ಹಿಂದಿನ ಮುಚ್ಚಳ ಮೂರೂ ತ್ರೆಡ್ ಮೇಲೆ ನಿಂತಿರುತ್ತವೆ. ಯಾವುದು ಹೋಯಿತೋ ಅದನ್ನಷ್ಟೇ ಮಾಡಿ ಹಾಕಬಹುದು. ರಾತ್ರಿ ಕರೆಂಟ್ ಬಂದಾಗ ಪಂಪ್ ಹಾಕಲು ತೋಟಕ್ಕೆ ಹೋಗುವವರಿಗೆ, ಕೈಯಲ್ಲಿರುವ ಟಾರ್ಚಿನ ಒಳಹೊರಗು ಗೊತ್ತಿರುವುದು ಸಣ್ಣ ಸಮಾಧಾನವಲ್ಲ. ಜೊತೆಗೆ, ನಾವೇ ತಿರುಗಿಸಿ ಮಾಡಿದ ಮುಚ್ಚಳ ಮೊದಲ ಸಲ ನುಣ್ಣಗೆ ತ್ರೆಡ್ ಹಿಡಿದಾಗ ಆಗುವ ಖುಷಿಯೂ ಒಂದು ಕಾರಣವೇ.

ಯಾವ ಟಾರ್ಚ್ ಆರಿಸಿಕೊಳ್ಳಲಿ?

ಪೂರ್ತಿ ಬಿಚ್ಚಲು ಬರುವಂಥದ್ದು. ನಮ್ಮ ಕಡೆ ಸುಲಭವಾಗಿ ಸಿಗುವುದು ಎವರೆಡಿ ಜೀವನ್ ಸಾಥಿಯಂಥ ಎರಡು ಸೆಲ್ಲಿನ ಹಿತ್ತಾಳೆ ಟಾರ್ಚ್. ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ, ಅಲ್ವಾ? ಅಮೆರಿಕದಲ್ಲಿ ಈ ಹವ್ಯಾಸ ಬೆಳೆದದ್ದರಲ್ಲಿ 1979ರಲ್ಲಿ ಬಂದ ಮ್ಯಾಗ್‌ಲೈಟ್‌ನ ಪಾಲು ದೊಡ್ಡದು. ದಪ್ಪ ಅಲ್ಯೂಮಿನಿಯಂ ಬಾಡಿ, ಎಲ್ಲವೂ ಬಿಚ್ಚಲು ಬರುತ್ತದೆ. ಈಗ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಕಾನ್ವಾಯ್ ಎಸ್2 ಪ್ಲಸ್. 18650 ಎಂಬ ಚಾರ್ಜ್ ಮಾಡುವ ಲಿಥಿಯಂ ಸೆಲ್ ಒಂದೇ ಹಾಕುವ ಚೀನಾ ಟಾರ್ಚ್ ಅದು. ಒಳಗಿನ ಎಲ್‌ಇಡಿ ಬೋರ್ಡು 16 ಮಿ.ಮೀ., ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಬೋರ್ಡು 17 ಮಿ.ಮೀ. ಈ ಅಳತೆಯವು ಬಿಡಿಯಾಗಿ ಸಿಗುತ್ತವೆ.

ಕೆಲವು ಕಂಪನಿಗಳು ತಲೆಯ ತ್ರೆಡ್‌ಗೆ ಅಂಟು ಹಾಕಿರುತ್ತವೆ. ಸೆಲ್ ತೆಗೆದು, ಹೇರ್ ಡ್ರೈಯರ್‌ನಿಂದ ಆ ಜಾಗ ಕಾಯಿಸಿ, ರಬ್ಬರ್ ಹಿಡಿದು ತಿರುಗಿಸಿ. ಪ್ಲೈಯರ್ ಹಾಕಿದರೆ ಮೈಮೇಲೆ ಗಾಯ ಉಳಿಯುತ್ತದೆ.

ಮೊದಲು ಯಾವ ಭಾಗ ಮಾಡಲಿ?

ಹಿಂದಿನ ಬಟನ್. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಬಿಸಿಯೂ ಹೋಗುವುದಿಲ್ಲ. ಹಾಳಾದರೆ ಹೋಗುವುದು ಬೆರಳುಗಾತ್ರದ ಹಿತ್ತಾಳೆ ಮಾತ್ರ. ಆಮೇಲೆ ಕ್ಲಿಪ್ಪು, ಸ್ವಿಚ್ ಹಿಡಿಯುವ ರಿಂಗು, ಮುಂದಿನ ಗಾಜು ಹಿಡಿಯುವ ಬೆಜೆಲ್, ಹಿಂದಿನ ಮುಚ್ಚಳ. ಎಲ್‌ಇಡಿ ಕೂರುವ ಪೀಠ ಕೊನೆಗಿರಲಿ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಭಾಗವನ್ನು ಟಾರ್ಚಿಗೆ ಹೊಂದಿಸಿ, ಟಾರ್ಚನ್ನು ಭಾಗಕ್ಕೆ ಹೊಂದಿಸಬೇಡಿ. ಬಟನ್ ದಪ್ಪವಾಯಿತು ಎಂದು ಮುಚ್ಚಳದ ತೂತು ದೊಡ್ಡದು ಮಾಡಿದರೆ ಆ ಮುಚ್ಚಳ ಹೋಯಿತು. ಬಟನ್ ತೆಳ್ಳಗೆ ಮಾಡಿ. ಕಂಪನಿಯ ಮೂಲ ಭಾಗಗಳನ್ನು ಒಂದು ಡಬ್ಬಿಯಲ್ಲಿ ಹಾಗೇ ಎತ್ತಿಡಿ.

ತಾಮ್ರವೋ ಹಿತ್ತಾಳೆಯೋ? ಟೈಟಾನಿಯಂ ಬೆಸ್ಟ್ ಅಂತಾರಲ್ಲ?

ಭಾಗದ ಕೆಲಸ ಏನು ಎಂದು ಕೇಳಿಕೊಂಡರೆ ಉತ್ತರ ತಾನಾಗೇ ಬರುತ್ತದೆ. ಬಿಸಿ ಸಾಗಿಸುವ ಶಕ್ತಿಯನ್ನೇ ನೋಡಿ. ಶುದ್ಧ ತಾಮ್ರಕ್ಕೆ ಮೀಟರಿಗೆ ಒಂದು ಡಿಗ್ರಿಗೆ ಸುಮಾರು 400 ವ್ಯಾಟ್, 6061 ಅಲ್ಯೂಮಿನಿಯಂಗೆ ಸುಮಾರು 167, ಹಿತ್ತಾಳೆಗೆ ಸುಮಾರು 115, 304 ಸ್ಟೀಲಿಗೆ 16. ಎಲ್ಲರೂ ಹೊಗಳುವ ಗ್ರೇಡ್ 5 ಟೈಟಾನಿಯಂಗೆ 7ರ ಆಸುಪಾಸು! ಅಂದರೆ ಎಲ್‌ಇಡಿ ಕೂರುವ ಜಾಗಕ್ಕೆ ಟೈಟಾನಿಯಂ ಹಾಕುವುದು ತಪ್ಪು. ಕ್ಲಿಪ್ಪಿಗೆ, ಬಟನ್ನಿಗೆ, ಬೆಜೆಲ್ಲಿಗೆ ಅದು ಬಹಳ ಚೆನ್ನ. ತುಕ್ಕು ಹಿಡಿಯದು, ಹಗುರ, ಗಟ್ಟಿ.

ಕೈಗೆ ಒಗ್ಗುವ ಲೋಹ ಹಿತ್ತಾಳೆ. ಅರಕ್ಕೂ ಲೇತಿಗೂ ಸುಲಭವಾಗಿ ಬಗ್ಗುತ್ತದೆ. ಚೂರು ಸಣ್ಣಗೆ ಉದುರುತ್ತದೆ, ತ್ರೆಡ್ ಚೊಕ್ಕವಾಗಿ ಬೀಳುತ್ತದೆ. ತಾಮ್ರ ಹಾಗಲ್ಲ. ಟೂಲಿಗೆ ಮೆತ್ತಿಕೊಂಡು ಎಳೆಯುತ್ತದೆ. ಟೂಲ್ ಬಹಳ ಚೂಪಾಗಿರಬೇಕು, ಎಣ್ಣೆ ಬಿಡುತ್ತಲೇ ಇರಬೇಕು. ಮೊದಲ ಭಾಗವನ್ನು ಹಿತ್ತಾಳೆಯಲ್ಲಿ ಮಾಡಿ, ಅಳತೆ ಸರಿಬಂದ ಮೇಲೆ ಅದೇ ಭಾಗವನ್ನು ತಾಮ್ರದಲ್ಲಿ ಮಾಡಿ. ಸುಲಭವಾಗಿ ಕಡಿಯುವ ಹಿತ್ತಾಳೆಯಲ್ಲಿ ಸೀಸ ಸೇರಿರುತ್ತದೆ, ಆದ್ದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ.

ನನ್ನ ಹತ್ರ ಲೇತ್ ಇಲ್ಲ, ಏನಾದ್ರೂ ಮಾಡೋಕಾಗುತ್ತಾ?

ಖಂಡಿತ. ಪಾಕೆಟ್ ಕ್ಲಿಪ್ಪಿಗೆ ಲೇತ್ ಬೇಕಾಗಿಯೇ ಇಲ್ಲ. 1 ಮಿ.ಮೀ. ಸ್ಟೇನ್‌ಲೆಸ್ ಪಟ್ಟಿ, ಹ್ಯಾಕ್ಸಾ, ಅರ, ವೈಸು ಸಾಕು. ತೆಳು ಸ್ವಿಚ್ ಪಟ್ಟಿ, ಸೆಲ್ಲಿನ ತುದಿಗೆ ಕೂರುವ ಬಿಲ್ಲೆ, ವಾಷರ್ ಎಲ್ಲವೂ ಕೈಯಲ್ಲೇ ಆಗುತ್ತವೆ. ಬಟನ್ ಬೇಕಿದ್ದರೆ ಡ್ರಿಲ್ ಮಷಿನ್ನನ್ನು ವೈಸಿನಲ್ಲಿ ಬಿಗಿಯಾಗಿ ಕಟ್ಟಿ, ಹಿತ್ತಾಳೆ ರಾಡನ್ನು ಚಕ್ಕಿನಲ್ಲಿ ಹಿಡಿಸಿ, ತಿರುಗುವಾಗ ಅರ ಮತ್ತು ಎಮರಿ ಪೇಪರ್ ಕೊಟ್ಟು ಆಕಾರ ತರಬಹುದು. ಅರಕ್ಕೆ ಮರದ ಹಿಡಿ ಇರಲೇಬೇಕು. ಕಣ್ಣಿಗೆ ಕನ್ನಡಕ, ತೋಳು ಮಡಚಿದ ಅಂಗಿ ಇರಲಿ. ಕೈಗೆ ಗ್ಲೌಸ್ ಮಾತ್ರ ಬೇಡ. ಗ್ಲೌಸ್ ಚಕ್ಕಿಗೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ವರ್ಕ್‌ಶಾಪಿನವರಿಗೆ ಹೇಗೆ ಹೇಳಿ ಮಾಡಿಸಲಿ? "ಒಂದೇ ಪೀಸಾ?" ಅಂತ ಮುಖ ನೋಡ್ತಾರೆ.

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ದೊಡ್ಡ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಶೆಡ್ಡಿಗೆ ಒಂದು ಪೀಸಿನ ಕೆಲಸ ಹಿಡಿದುಕೊಂಡು ಹೋಗಬೇಡಿ. ಸೆಟ್ಟಿಂಗ್ ಮಾಡುವ ಹೊತ್ತಿನಲ್ಲಿ ಅವರಿಗೆ ನೂರು ಪೀಸು ಇಳಿದಿರುತ್ತದೆ. ಕೈಲೇತ್ ಇಟ್ಟುಕೊಂಡ ಸಣ್ಣ ಅಂಗಡಿ ಹುಡುಕಿ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಮೊದಮೊದಲು ಮಾಡಿದ್ದೇ ಲೇತುಗಳನ್ನು. ಆ ಹಳೆ ಎಚ್‌ಎಂಟಿ ಲೇತ್ ಮೇಲೆ ಕೈ ಪಳಗಿದ ಟರ್ನರ್ ಸಿಕ್ಕರೆ ನಿಮ್ಮ ಅದೃಷ್ಟ.

ಬರೀ ಡ್ರಾಯಿಂಗ್ ಕೊಡಬೇಡಿ. ಹಳೆ ಪೀಸು ಮತ್ತು ಅದು ಕೂರುವ ಬಾಡಿ ಎರಡನ್ನೂ ಕೊಡಿ. ಸೆಲ್ ತೆಗೆದು ಕೊಡಿ. ಯಾವ ಜಾಗ ಟೈಟ್ ಇರಬೇಕು, ಯಾವ ಜಾಗ ಜಾರಬೇಕು ಎಂದು ಬೆರಳಿಟ್ಟು ತೋರಿಸಿ. ನರ್ಲಿಂಗ್ (ಕೈ ಜಾರದಂತೆ ಮೈಮೇಲೆ ಒತ್ತುವ ಗೀರು) ಬೇಕಿದ್ದರೆ ಮೊದಲೇ ಹೇಳಿ, ಏಕೆಂದರೆ ನರ್ಲ್ ಒತ್ತಿದಾಗ ರಾಡಿನ ದಪ್ಪ ಜಾಸ್ತಿಯಾಗುತ್ತದೆ. ರಾಡನ್ನು ನೀವೇ ಒಯ್ದರೆ ಮಾತು ಬೇಗ ಮುಗಿಯುತ್ತದೆ. ಹಿತ್ತಾಳೆ, ತಾಮ್ರದ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಕೆಲಸಕ್ಕೆ ಕೇಳಿದ ಕೂಲಿ ಕೊಡಿ. ಒಂದು ಪೀಸಿಗೆ ತ್ರೆಡ್ ಹೊಂದಿಸುವುದು ನಿಜಕ್ಕೂ ಹೊತ್ತು ಹಿಡಿಯುವ ಕೆಲಸ.

## ಅಳತೆ, ಕರೆಂಟು, ನೀರು

ಟಾರ್ಚಿನ ತ್ರೆಡ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಎರಡು ಅಳತೆ ಬೇಕು. ಹೊರತ್ರೆಡ್ಡಿನ ದಪ್ಪ ಮತ್ತು ಪಿಚ್, ಅಂದರೆ ತ್ರೆಡ್ಡಿನ ಒಂದು ತುದಿಯಿಂದ ಪಕ್ಕದ ತುದಿಗಿರುವ ದೂರ. ದಪ್ಪಕ್ಕೆ ವರ್ನಿಯರ್ ಸಾಕು. ಪಿಚ್‌ಗೆ ತ್ರೆಡ್ ಗೇಜ್ ಇಟ್ಟು, ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಗೇಜಿನ ಹಲ್ಲಿಗೂ ತ್ರೆಡ್ಡಿಗೂ ನಡುವೆ ಎಲ್ಲೂ ಬೆಳಕು ನುಸುಳಬಾರದು. ಮೊದಲ ಎರಡು ಹಲ್ಲು ಕೂತು, ಐದನೆಯದು ತ್ರೆಡ್ಡಿನ ತಲೆ ಮೇಲೆ ಹತ್ತಿದ್ದರೆ ಆ ಗೇಜ್ ಅಲ್ಲ. ಗೇಜ್ ಇಲ್ಲದಿದ್ದರೆ ಆರು ತುದಿಗಳ ಉದ್ದ ಅಳೆದು ಐದರಿಂದ ಭಾಗಿಸಿ. ಆರರಿಂದಲ್ಲ, ನಾವು ಎಣಿಸುವುದು ನಡುವಿನ ಸಂದುಗಳನ್ನು.

ಮುಚ್ಚಳದ ಒಳತ್ರೆಡ್ ಮಾಡುವಾಗ ಮೊದಲು ಕೊರೆಯುವ ಬೋರು, ಹೊರತ್ರೆಡ್ಡಿನ ದಪ್ಪದಿಂದ ಒಂದು ಪಿಚ್ ಕಳೆದಷ್ಟು. ಹೊರಗಡೆ 22 ಮಿ.ಮೀ., ಪಿಚ್ 1 ಮಿ.ಮೀ. ಇದ್ದರೆ ಬೋರು ಸುಮಾರು 21. ಈ ಲೆಕ್ಕ ಮಾಮೂಲಿ 60 ಡಿಗ್ರಿ ತ್ರೆಡ್ಡಿಗೆ. ಕೆಲವು ಒಳ್ಳೆ ಟಾರ್ಚುಗಳಲ್ಲಿ ತ್ರೆಡ್ಡಿನ ತಲೆ ಚಪ್ಪಟೆಯಾಗಿರುತ್ತದೆ. ಅದಕ್ಕೆ ಟೂಲನ್ನೇ ಬೇರೆ ಮಸೆಯಬೇಕು.

ಹೊಸ ಮುಚ್ಚಳ ಚೆನ್ನಾಗಿ ಕೂತಿದೆ, ಆದ್ರೆ ಲೈಟೇ ಹೊತ್ತುತ್ತಿಲ್ಲ!

ಲೋಹದ ಟಾರ್ಚಿನಲ್ಲಿ ಬಾಡಿಯೇ ಒಂದು ವೈರು. ಕರೆಂಟು ಸೆಲ್ಲಿನ ಹಿಂಬದಿಯಿಂದ ಸ್ಪ್ರಿಂಗು, ಸ್ವಿಚ್ಚು, ರಿಂಗು, ಮುಚ್ಚಳ, ಬಾಡಿ ದಾಟಿ ತಲೆಗೆ ವಾಪಸ್ಸಾಗುತ್ತದೆ. ಈ ದಾರಿಯಲ್ಲಿ ಎಲ್ಲಿ ಬಣ್ಣ ಬಂತೋ ಅಲ್ಲಿ ಕತ್ತಲೆ. ಅಲ್ಯೂಮಿನಿಯಂ ಮೇಲಿನ ಆನೊಡೈಸಿಂಗ್ (ಬಣ್ಣದ ಹಾಗೆ ಕಾಣುವ ಗಟ್ಟಿ ಆಕ್ಸೈಡ್ ಪದರ) ಕರೆಂಟನ್ನು ಪೂರ್ತಿ ತಡೆಯುತ್ತದೆ. ಅದಕ್ಕೇ ಕಂಪನಿಯ ಬಾಡಿಯ ತುದಿಯಲ್ಲಿ ಬಿಳಿ ಲೋಹದ ಉಂಗುರದಂಥ ಅಂಚು ಬಿಟ್ಟಿರುತ್ತಾರೆ. ನಿಮ್ಮ ಮುಚ್ಚಳ ಆ ಅಂಚಿಗೆ ತಾಗುತ್ತಿದೆಯಾ ನೋಡಿ. ಬಹಳ ಸಲ ಮುಚ್ಚಳದ ಆಳ ಕಾಲು ಮಿಲಿಮೀಟರ್ ಜಾಸ್ತಿಯಾಗಿ, ತಾಗುವ ಮೊದಲೇ ಹೊರಗಿನ ಅಂಚು ಬಾಡಿಗೆ ಬಡಿದಿರುತ್ತದೆ.

ಪರೀಕ್ಷೆ ಸುಲಭ. ಮುಚ್ಚಳ ತೆಗೆದು, ಸೆಲ್ಲಿನ ಹಿಂಬದಿಗೂ ಬಾಡಿಯ ಬಿಳಿ ಅಂಚಿಗೂ ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್ಟಿನ ವೈರುಗಳನ್ನು ಮುಟ್ಟಿಸಿ. ಲೈಟ್ ಹೊತ್ತಿದರೆ ತಪ್ಪು ಮುಚ್ಚಳದಲ್ಲಿದೆ. ಹೊತ್ತದಿದ್ದರೆ ತಲೆ ಕಡೆ ಹುಡುಕಿ.

ಸ್ಪ್ರಿಂಗ್ ಬದಲಿಸಿದ್ರೆ ಬೆಳಕು ಜಾಸ್ತಿ ಆಗುತ್ತಂತೆ, ನಿಜಾನಾ?

ಕರೆಂಟು ಜಾಸ್ತಿ ಎಳೆಯುವ ಟಾರ್ಚಿನಲ್ಲಿ ನಿಜ. ಸ್ಟೀಲ್ ಸ್ಪ್ರಿಂಗಿನ ತಡೆ 0.05 ಓಮ್ ಇದೆ ಎಂದುಕೊಳ್ಳಿ. 3 ಆಂಪಿಯರ್ ಹರಿದರೆ 0.15 ವೋಲ್ಟ್ ಅಲ್ಲೇ ಮಾಯ, ಹತ್ತಿರ ಅರ್ಧ ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಪೂರ್ತಿ ಚಾರ್ಜಿನಲ್ಲೇ 4.2 ವೋಲ್ಟ್ ಇರುವ ಸೆಲ್ಲಿಗೆ ಅದು ದೊಡ್ಡ ನಷ್ಟ. ಹೊಸ ಸ್ಪ್ರಿಂಗ್ ಹುಡುಕುವುದಕ್ಕಿಂತ ಇದ್ದ ಸ್ಪ್ರಿಂಗಿನ ತುದಿಯಿಂದ ಬುಡಕ್ಕೆ ಒಂದು ಮೆತ್ತನೆಯ ಸಿಲಿಕೋನ್ ವೈರ್ ಬೆಸುಗೆ ಹಾಕುವುದು ಸುಲಭ. ವೈರ್ ಸ್ವಲ್ಪ ಉದ್ದ ಬಿಡಿ, ಸ್ಪ್ರಿಂಗ್ ಒತ್ತಿದಾಗ ಅದು ಬಾಗಬೇಕು. ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಸಿಕ್ಕರೆ ಹಾಗೇ ಬಳಸಿ. ಅದನ್ನು ಅರದಲ್ಲಿ ಉಜ್ಜಬೇಡಿ, ಗ್ರೈಂಡರ್ ಹತ್ತಿರ ಒಯ್ಯಬೇಡಿ. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ತಾತನ ಕಾಲದ ಟಾರ್ಚಲ್ಲಿ ಸೆಲ್ಲು ಸೋರಿ ಎಲ್ಲಾ ತಿಂದುಹಾಕಿದೆ, ಉಳಿಸಬಹುದಾ?

ಬಹುಪಾಲು ಉಳಿಯುತ್ತದೆ. ಮಾಮೂಲಿ ಅಗ್ಗದ ಸೆಲ್ಲಿನ ಸೋರಿಕೆ ಹುಳಿ ಜಾತಿಯದು, ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ. ಆಲ್ಕಲೈನ್ ಸೆಲ್ಲಿನದು ಕ್ಷಾರ, ಅದಕ್ಕೆ ನಿಂಬೆರಸ ಅಥವಾ ವಿನೆಗರ್. ಕೊನೆಗೆ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಸೆಲ್ ಒಳಗೇ ಉಬ್ಬಿ ಕಚ್ಚಿಕೊಂಡಿದ್ದರೆ ಮುಂದಿನ ತಲೆ ಬಿಚ್ಚಿ ಆ ಕಡೆಯಿಂದ ಮರದ ಕೋಲಿನಲ್ಲಿ ತಟ್ಟಿ ಹೊರಗೆ ತಳ್ಳಿ.

ಬಾಡಿ ದಪ್ಪ ಹಿತ್ತಾಳೆಯಾದ್ದರಿಂದ ತಡೆದುಕೊಂಡಿರುತ್ತದೆ. ಹೋಗುವುದು ಹಿಂದಿನ ಸ್ಪ್ರಿಂಗು ಮತ್ತು ಸ್ವಿಚ್ಚಿನ ತೆಳು ಪಟ್ಟಿ. ಎರಡನ್ನೂ ಹೊಸದಾಗಿ ಮಾಡಬಹುದು.

ಹಿತ್ತಾಳೆ ಪಟ್ಟಿ ಕತ್ತರಿಸಿ ಸ್ವಿಚ್ ಮಾಡಿದೆ. ಒಮ್ಮೆ ಒತ್ತಿದ್ರೆ ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತೆ. ಯಾಕೆ?

ಬಗ್ಗಿಸಲು ಸುಲಭವಾಗಲಿ ಎಂದು ಪಟ್ಟಿಯನ್ನು ಕಾಯಿಸಿರುತ್ತೀರಿ, ಅಥವಾ ಮೆತ್ತನೆಯ ತಗಡೇ ಸಿಕ್ಕಿರುತ್ತದೆ. ಕಬ್ಬಿಣದ ಕೆಲಸ ನೋಡಿದವರಿಗೆ ಇದು ತಲೆಕೆಳಗು ಅನಿಸುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ಹಿತ್ತಾಳೆ, ತಾಮ್ರವನ್ನು ಹಾಗೆ ಮಾಡಿದರೆ ಇನ್ನೂ ಮೆತ್ತಗಾಗುತ್ತವೆ. ಇವು ಗಟ್ಟಿಯಾಗುವುದು ಪೆಟ್ಟಿನಿಂದ. ಆದ್ದರಿಂದ ಪಟ್ಟಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪ ತಗೊಂಡು, ನುಣುಪಾದ ಕಬ್ಬಿಣದ ದಿಂಡಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಒಂದೇ ಸಮ ತಟ್ಟುತ್ತಾ ಹೋಗಿ. ತಟ್ಟಿದಂತೆ ಸದ್ದು ಬದಲಾಗುತ್ತದೆ, ಮಂದವಾಗಿದ್ದದ್ದು ಟಣ್ ಎನ್ನತೊಡಗುತ್ತದೆ. ಒಂದು ತುದಿ ಹಿಡಿದು ಇನ್ನೊಂದನ್ನು ಬೆರಳಿನಿಂದ ಮೀಟಿ ನೋಡಿ. ಚಿಮ್ಮಿ ಜಾಗಕ್ಕೆ ಬಂತೆಂದರೆ ಸಾಕು. ಇನ್ನೂ ತಟ್ಟಿದರೆ ಅಂಚು ಸೀಳುತ್ತದೆ. ಬಗ್ಗಿಸುವ ಕೆಲಸ ಆಮೇಲೆ, ಮೊನಚು ಮೂಲೆ ಬರದ ಹಾಗೆ. ಫಾಸ್ಫರ್ ಬ್ರಾಂಜ್ ತಗಡು ಸಿಕ್ಕರೆ ಅದೇ ವಾಸಿ, ಹುಟ್ಟಿನಿಂದಲೇ ಅದಕ್ಕೆ ಸ್ಪ್ರಿಂಗ್ ಗುಣ ಇದೆ.

ಈ ಹಳೆ ಟಾರ್ಚಿಗೆ ತೋಳು (ಸೆಲ್ಲಿನ ಸುತ್ತ ಕೂರುವ ಕೊಳವೆ) ಮಾಡಿಸಿ 18650 ಹಾಕಬಹುದಾ?

ಅಳತೆಗೆ ತೊಂದರೆ ಇಲ್ಲ. ದೊಡ್ಡ ಡಿ ಸೆಲ್ಲಿನ ದಪ್ಪ 34 ಮಿ.ಮೀ. ಹತ್ತಿರ, ಉದ್ದ 61. 18650ರ ಹೆಸರೇ ಹೇಳುವ ಹಾಗೆ ದಪ್ಪ 18, ಉದ್ದ 65. ಸುತ್ತಲೂ ಒಂದು ತೋಳು, ಎರಡು ಸೆಲ್ಲಿನ ಜಾಗದಲ್ಲಿ ಉಳಿಯುವ ಉದ್ದಕ್ಕೆ ಒಂದು ಹಿತ್ತಾಳೆ ದಿಂಡು ಮಾಡಿದರೆ ಕೂರುತ್ತದೆ. ತೊಂದರೆ ಇರುವುದು ಬಲ್ಬಿನಲ್ಲಿ. ಎರಡು ಸೆಲ್ಲಿನ ಪಿಆರ್2 ಬಲ್ಬು ಸುಮಾರು 2.4 ವೋಲ್ಟಿನದು. 4.2 ವೋಲ್ಟ್ ಕೊಟ್ಟರೆ ಫಕ್ಕನೆ ಹೊತ್ತಿ ಸುಟ್ಟುಹೋಗುತ್ತದೆ. 4.2 ವೋಲ್ಟ್ ತಡೆಯುವ ಎಲ್‌ಇಡಿ ಬಲ್ಬ್ ಬೇಕೇ ಬೇಕು. ಪ್ರೊಟೆಕ್ಷನ್ (ಶಾರ್ಟ್ ಆದರೆ ಕರೆಂಟ್ ಕಡಿಯುವ ಸಣ್ಣ ಬೋರ್ಡ್) ಇರುವ ಸೆಲ್ಲನ್ನೇ ಹಾಕಿ. ಹಳೆ ಟಾರ್ಚಿನ ಸ್ವಿಚ್ ಪಟ್ಟಿ ಸಡಿಲವಾಗಿ ಎಲ್ಲಾದರೂ ಶಾರ್ಟ್ ಆದರೆ ಮಾಮೂಲಿ ಸೆಲ್ಲು ಸುಮ್ನೆ ಬಿಸಿಯಾಗುತ್ತದೆ, ಲಿಥಿಯಂ ಸೆಲ್ಲಿಗೆ ಬೆಂಕಿ ಹತ್ತಬಹುದು.

ಮಳೆಗಾಲದಲ್ಲಿ ನೀರು ಹೋಗದ ಹಾಗೆ ಏನು ಮಾಡಲಿ?

ನೀರು ತಡೆಯುವುದು ತ್ರೆಡ್ ಅಲ್ಲ, ಓ-ರಿಂಗ್ ಎಂಬ ರಬ್ಬರ್ ಬಳೆ. 1.5 ಮಿ.ಮೀ. ದಪ್ಪದ ರಿಂಗಿಗೆ ಅದು ಕೂರುವ ತೋಡಿನ ಆಳ ಸುಮಾರು 1.2, ಅಗಲ 2 ಮಿ.ಮೀ. ಇಡಿ. ರಿಂಗು ಐದನೇ ಒಂದು ಭಾಗ ಒತ್ತಿಕೊಳ್ಳಬೇಕು. ಮುಚ್ಚಳದ ಬಾಯಿಯ ಒಳ ಅಂಚನ್ನು ಓರೆಯಾಗಿ ಸವರಿ, ಇಲ್ಲದಿದ್ದರೆ ಮೊದಲ ಸಲ ಹಾಕುವಾಗಲೇ ರಿಂಗನ್ನು ಕೊಯ್ಯುತ್ತದೆ. ನೈಟ್ರೈಲ್ ರಬ್ಬರಿನ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಸಿಲಿಕೋನ್ ರಬ್ಬರಿನ ರಿಂಗಾದರೆ ಸಿಲಿಕೋನ್ ಗ್ರೀಸೂ ಬೇಡ, ವ್ಯಾಸಲೀನೂ ಬೇಡ, ಎರಡರಿಂದಲೂ ಅದು ಉಬ್ಬುತ್ತದೆ.

ಪರೀಕ್ಷೆಗೆ ಸೆಲ್ ತೆಗೆದು, ಒಳಗೆ ಟಿಶ್ಯೂ ಪೇಪರ್ ಸುತ್ತಿಟ್ಟು, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಪೇಪರ್ ಒಣಗಿದ್ದರೆ ಮಳೆಗೆ ಸಾಕು. ನೀರು ತಡೆಯುವ ಶಕ್ತಿಗೆ ಕಂಪನಿ ಬರೆದ ಐಪಿಎಕ್ಸ್ 8 ಅಂಕೆ ನಿಮ್ಮ ಮುಚ್ಚಳಕ್ಕೆ ಅನ್ವಯಿಸುವುದಿಲ್ಲ.

ತಾಮ್ರ ಕಪ್ಪಾಗುತ್ತೆ, ಕಿಲುಬು ಹಿಡಿಯುತ್ತೆ. ಏನು ಹಚ್ಚಲಿ?

ಕಪ್ಪಾಗುವುದು ದೋಷವಲ್ಲ. ನನಗೆ ಆ ಬಣ್ಣವೇ ಇಷ್ಟ. ಹಸಿರು ಕಿಲುಬು ಮಾತ್ರ ಬಿಡಬೇಡಿ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಒಣಗಿಸಿ. ತ್ರೆಡ್ ಮತ್ತು ಕರೆಂಟ್ ತಾಗುವ ಜಾಗದಲ್ಲಿ ಹುಳಿ ಉಳಿಯಬಾರದು. ಲ್ಯಾಕರ್ ಹೊಡೆಯುವುದಾದರೆ ಆ ಜಾಗಗಳನ್ನು ಟೇಪಿನಿಂದ ಮುಚ್ಚಿ.

## ಕೈ ಪಳಗಿದವರಿಗೆ

ಎಲ್‌ಇಡಿ ಕೂರುವ ಪಿಲ್ ಅನ್ನು ತಾಮ್ರದಲ್ಲಿ ಮಾಡಿದ್ರೆ ಎಷ್ಟು ಪ್ರಯೋಜನ?

3 ಆಂಪಿಯರಿಗೆ ಓಡುವ ಎಲ್‌ಇಡಿ ಸುಮಾರು 10 ವ್ಯಾಟ್ ತಿನ್ನುತ್ತದೆ. ಅರ್ಧಕ್ಕಿಂತ ಜಾಸ್ತಿ ಬಿಸಿಯಾಗೇ ಹೋಗುತ್ತದೆ. ಆ ಬಿಸಿ ಬೋರ್ಡಿನಿಂದ ಪಿಲ್ಲಿಗೆ, ಪಿಲ್ಲಿನಿಂದ ಬಾಡಿಗೆ, ಬಾಡಿಯಿಂದ ನಿಮ್ಮ ಅಂಗೈಗೆ ಬರಬೇಕು. ತಾಮ್ರದ ಪಿಲ್ ಬೇಗ ಸಾಗಿಸುತ್ತದೆ, ಸರಿ. ಆದರೆ ಪಿಲ್ಲಿಗೂ ಬಾಡಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೆ ತಾಮ್ರ ಹಾಕಿದ್ದೂ ವ್ಯರ್ಥ. ಚೊಕ್ಕವಾಗಿ ಕೂತ ಹಿತ್ತಾಳೆ ಪಿಲ್, ಸಡಿಲವಾದ ತಾಮ್ರದ ಪಿಲ್ಲಿಗಿಂತ ಮೇಲು. ಬೋರ್ಡ್ ಕೂರುವ ಮುಖವನ್ನು ಗಾಜಿನ ಮೇಲಿಟ್ಟ ಎಮರಿ ಪೇಪರಿನಲ್ಲಿ ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಿ. ಥರ್ಮಲ್ ಪೇಸ್ಟ್ ತೆಳ್ಳಗಿರಲಿ.

ಟಾರ್ಚ್ ಬೇಗ ಕೈಗೆ ಬಿಸಿ ತಟ್ಟಿದರೆ ಗಾಬರಿಯಾಗಬೇಡಿ, ಬಿಸಿ ಹೊರಗೆ ಬರುತ್ತಿದೆ ಎಂದರ್ಥ. ತಲೆ ತಣ್ಣಗಿದ್ದು ಬೆಳಕು ಮಂಕಾಗುತ್ತಾ ಹೋದರೆ ಅದೇ ಕೆಟ್ಟ ಸೂಚನೆ.

ಅಲ್ಯೂಮಿನಿಯಂ ಬಾಡಿಗೆ ತಾಮ್ರದ ಮುಚ್ಚಳ ಹಾಕಿದ್ದೆ. ತ್ರೆಡ್ ಹತ್ರ ಬಿಳಿ ಪುಡಿ ಬಂದಿದೆ.

ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ. ಅಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಕರಾವಳಿಯಲ್ಲಿ ಇದು ಬೇಗ ಆಗುತ್ತದೆ. ಬೆವರೂ ಸಾಕು. ಆನೊಡೈಸಿಂಗ್ ಇರುವ ತ್ರೆಡ್ ತಡೆದುಕೊಳ್ಳುತ್ತದೆ, ಬೋಳು ಅಂಚು ತಡೆಯುವುದಿಲ್ಲ. ಪುಡಿ ಒರೆಸಿ, ತ್ರೆಡ್ಡಿಗೆ ಗ್ರೀಸ್ ಹಾಕಿ, ಓ-ರಿಂಗ್ ಬದಲಿಸಿ. ವರ್ಷಕ್ಕೊಮ್ಮೆಯಲ್ಲ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಬೀಚಿನ ಕಡೆಗೇ ಜಾಸ್ತಿ ಬಳಸುವುದಾದರೆ ಟೈಟಾನಿಯಂ ಮುಚ್ಚಳ ಮಾಡಿದರೂ ಬೋಳು ಅಂಚಿನ ಅಪಾಯ ತಪ್ಪದು. ಅಲ್ಯೂಮಿನಿಯಂ ಬಾಡಿಗೆ ಅಲ್ಯೂಮಿನಿಯಂ ಮುಚ್ಚಳವೇ ಸರಿ.

ಟೈಟಾನಿಯಂ ಕ್ಲಿಪ್ಪಿಗೆ ನೀಲಿ ಬಣ್ಣ ಮನೆಯಲ್ಲೇ ಬರಿಸಬಹುದಾ?

ಬರುತ್ತದೆ, ಬಣ್ಣ ಹಚ್ಚದೆಯೇ. ವಾಷಿಂಗ್ ಸೋಡಾ ನೀರಿನಲ್ಲಿ ಕ್ಲಿಪ್ಪನ್ನು ಡಿಸಿ ಸಪ್ಲೈನ ಪ್ಲಸ್‌ಗೆ, ಒಂದು ಸ್ಟೀಲ್ ಪಟ್ಟಿಯನ್ನು ಮೈನಸ್‌ಗೆ ಕೊಡಿ. ವೋಲ್ಟೇಜ್ ಏರಿದಂತೆ ಮೇಲಿನ ಆಕ್ಸೈಡ್ ಪದರ ದಪ್ಪವಾಗಿ ಕಂಚು, ನೇರಳೆ, ನೀಲಿ ಎಂದು ಬಣ್ಣ ಸಾಗುತ್ತದೆ. 30 ವೋಲ್ಟಿನೊಳಗೆ ನೀಲಿ ಸಿಗುತ್ತದೆ. ಪ್ಲಸ್ ಕಡೆ ನೀರಿಗೆ ತಾಗುವುದು ಟೈಟಾನಿಯಂ ಮಾತ್ರ ಆಗಿರಲಿ. ತಾಮ್ರದ ವೈರ್ ಮುಳುಗಿದರೆ ಅದು ಕರಗತೊಡಗುತ್ತದೆ, ಬಣ್ಣ ನಿಂತುಹೋಗುತ್ತದೆ. ಬೆರಳಿನ ಎಣ್ಣೆ ಗುರುತು ಇದ್ದಲ್ಲಿ ಕಲೆ ಉಳಿಯುತ್ತದೆ, ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಮುಟ್ಟಬೇಡಿ. ಗ್ಲೌಸ್ ಹಾಕಿ, ಸಪ್ಲೈ ಆನ್ ಇರುವಾಗ ನೀರಿಗೆ ಕೈ ಹಾಕಬೇಡಿ, ಕಿಟಕಿ ತೆರೆದಿಡಿ.

ಟೈಟಾನಿಯಂ ಕಡಿಯುವಾಗ ಬರುವ ಸಣ್ಣ ಚೂರಿಗೆ ಬೆಂಕಿ ಹತ್ತುತ್ತದೆ. ಅದಕ್ಕೆ ನೀರು ಹಾಕಬಾರದು. ಪಕ್ಕದಲ್ಲಿ ಒಣ ಮರಳು ಇಟ್ಟುಕೊಂಡೇ ಲೇತ್ ಶುರು ಮಾಡಿ.

ಬಟನ್ನಿನಲ್ಲಿ ಕತ್ತಲಲ್ಲಿ ಹೊಳೆಯೋ ಟ್ರಿಟಿಯಂ ಕೂರಿಸಬೇಕು.

ನಾನು ಬೇಡ ಅನ್ನುತ್ತೇನೆ. ಟ್ರಿಟಿಯಂ ವಿಕಿರಣ ಸೂಸುವ ಅನಿಲ. ನಮ್ಮ ದೇಶದಲ್ಲಿ ವಿಕಿರಣ ವಸ್ತುಗಳು ಅಣುಶಕ್ತಿ ನಿಯಂತ್ರಣ ಮಂಡಳಿಯ ಕೆಳಗೆ ಬರುತ್ತವೆ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿಯನ್ನು ಎಪಾಕ್ಸಿಯಲ್ಲಿ ಕಲಸಿ 1 ಮಿ.ಮೀ. ಆಳದ ತೋಡಿನಲ್ಲಿ ತುಂಬಿ. ಒಮ್ಮೆ ಬೆಳಕು ಕುಡಿಸಿದರೆ ಗಂಟೆಗಟ್ಟಲೆ ಮಿನುಗುತ್ತದೆ, ಕತ್ತಲಲ್ಲಿ ಟಾರ್ಚ್ ಹುಡುಕಲು ಸಾಕು.

ಇಡೀ ಬಾಡಿಯನ್ನೇ ತಾಮ್ರದಲ್ಲಿ ಮಾಡಬೇಕು ಅಂತಿದ್ದೀನಿ. ಏನೇನು ನೋಡ್ಕೋಬೇಕು?

ಮೊದಲು ತೂಕ. ಹೊರಗೆ 24, ಒಳಗೆ 19, ಉದ್ದ 75 ಮಿ.ಮೀ. ಕೊಳವೆಯ ಲೆಕ್ಕ ಹಾಕಿ. ಅಲ್ಯೂಮಿನಿಯಂ ಆದರೆ 34 ಗ್ರಾಂ, ಟೈಟಾನಿಯಂ 56, ತಾಮ್ರ 113. ಜೇಬಿನಲ್ಲಿ ಇಟ್ಟುಕೊಳ್ಳುವವರು ಇದನ್ನು ಯೋಚಿಸಬೇಕು.

ಆಮೇಲೆ ಬೋರು. ತಾಮ್ರದಲ್ಲಿ ಆಳಕ್ಕೆ ಡ್ರಿಲ್ ಇಳಿಸಿದರೆ ಚೂರು ಒಳಗೇ ಸುತ್ತಿಕೊಳ್ಳುತ್ತದೆ, ಡ್ರಿಲ್ ಪಕ್ಕಕ್ಕೆ ಸರಿಯುತ್ತದೆ. ಸ್ವಲ್ಪ ಇಳಿಸಿ, ಎಳೆದು, ಚೂರು ತೆಗೆದು, ಎಣ್ಣೆ ಹಾಕಿ, ಮತ್ತೆ ಇಳಿಸಿ. 17 ಮಿ.ಮೀ.ವರೆಗೆ ಡ್ರಿಲ್, ಉಳಿದದ್ದು ಬೋರಿಂಗ್ ಬಾರಿನಲ್ಲಿ (ತೂತನ್ನು ಒಳಗಿನಿಂದ ಅಗಲಿಸುವ ಟೂಲ್). ಬಾರು ತನ್ನ ದಪ್ಪದ ನಾಲ್ಕು ಪಟ್ಟಿಗಿಂತ ಜಾಸ್ತಿ ಹೊರಗೆ ಚಾಚಿದರೆ ಅದುರತೊಡಗುತ್ತದೆ. ಸಿಗುವಷ್ಟು ದಪ್ಪ ಬಾರ್ ಹಾಕಿ, ಅರ್ಧ ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ಬೋರ್ ಮಾಡಿ. ತಿರುಗಿಸಿ ಹಿಡಿದಾಗ ಡಯಲ್ ಗೇಜಿಟ್ಟು ನಡು ಸರಿಯಿದೆಯಾ ನೋಡದೆ ಮುಂದುವರಿಯಬೇಡಿ.

ಸೆಲ್ಲಿನ ಅಳತೆಯನ್ನು ಹೆಸರು ನೋಡಿ ಇಡಬೇಡಿ. ಪ್ರೊಟೆಕ್ಷನ್ ಬೋರ್ಡ್ ಇರುವ 18650 ಉದ್ದದಲ್ಲಿ 69 ಮಿ.ಮೀ. ತನಕ ಹೋಗುತ್ತದೆ, ದಪ್ಪ 18.5 ದಾಟುತ್ತದೆ. ನೀವು ಹಾಕುವ ಸೆಲ್ಲನ್ನೇ ಅಳೆದು, ಸ್ಪ್ರಿಂಗ್ ಒತ್ತುವ ಜಾಗ ಸೇರಿಸಿ. ಕೊನೆಗೆ ಕೊಳವೆಯ ಎರಡೂ ಬಾಯಿಯ ಒಳ ಅಂಚನ್ನು ಓರೆ ಮಾಡಿ, ಬೆರಳು ಹಾಕಿ ಸುತ್ತಲೂ ಸವರಿ ನೋಡಿ. ಎಲ್ಲಿಯಾದರೂ ಚರ್ಮಕ್ಕೆ ತರಚಿದರೆ ಅದೇ ಜಾಗ ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಕೊಯ್ಯುತ್ತದೆ. ಆ ಹೊದಿಕೆಯ ಕೆಳಗಿನ ಡಬ್ಬಿ ಪೂರ್ತಿ ಮೈನಸ್. ಪ್ಲಸ್ ತುದಿಯ ಪಕ್ಕದಲ್ಲಿ ಹೊದಿಕೆ ಹರಿದರೆ ಎರಡೂ ಸೇರಿ ಶಾರ್ಟ್ ಆಗಲು ಮಿಲಿಮೀಟರ್ ಜಾಗ ಸಾಕು. ಹರಿದ ಹೊದಿಕೆಯ ಸೆಲ್ಲನ್ನು ಹಾಕಲೇಬೇಡಿ. ಹೊಸ ಹೊದಿಕೆ ಹೊದಿಸಿ, ಪ್ಲಸ್ ತುದಿಗೆ ಕಾಗದದ ಇನ್ಸುಲೇಟರ್ ರಿಂಗ್ ಇಟ್ಟ ಮೇಲೆಯೇ ತಾಮ್ರದ ಬಾಡಿಗೆ ಇಳಿಸಿ.